ಮಗುವಿನ ಹಠವೋ, ಮದ್ದಿನ ಮಹಿಮೆಯೋ?

ಜೂನ್ ತಿಂಗಳಿನಲ್ಲಿ ಮುಂಬಯಿಗೆ ಮಳೆ ಇಳಿಯಿತೆಂದರೆ ನಮ್ಮ ಚಾಳುಗಳ ಗೋಡೆಗಳು ಬೆವರತೊಡಗುತ್ತವೆ. ಒಣಗದ ಬಟ್ಟೆಗಳ ಮುಗ್ಗಲು ವಾಸನೆ ಕೋಣೆಯನ್ನೆಲ್ಲ ತುಂಬುತ್ತದೆ. ಅದರೊಡನೆಯೇ ಒಂದಲ್ಲ ಒಂದು ಮನೆಯಿಂದ, ಯಾವುದೋ ಎಳೆಯ ಎದೆಯೊಳಗಿನ ಸಣ್ಣ ಸಿಳ್ಳಿನಂತಹ ಸದ್ದು ಕೇಳಿಬರುತ್ತದೆ. ಕರಾವಳಿಯ ನಾವು ಇದನ್ನು ದಮ್ಮು ಎನ್ನುತ್ತೇವೆ. ಘಟ್ಟದ ಮೇಲಿನವರು ಉಬ್ಬಸವೆಂದೋ ಗೂರಲೆಂದೋ ಕರೆಯುತ್ತಾರೆ. ಡಾಕ್ಟರು ಆಸ್ತಮಾ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಹೆಸರು ಏನೇ ಇರಲಿ, ನಡುರಾತ್ರಿ ಎದ್ದು ಕುಳಿತು ಗಾಳಿಗಾಗಿ ಹೋರಾಡುವ ಮಗುವನ್ನು ಹೆಗಲಿಗೊರಗಿಸಿಕೊಂಡು ಬೆಳಗು ಮಾಡಿದ ತಾಯಿತಂದೆಯರಿಗೆ ಅದರ ಪರಿಚಯವನ್ನು ಹೊಸತಾಗಿ ಮಾಡಿಕೊಡಬೇಕಾಗಿಲ್ಲ.

ಪ್ರಸ್ತುತ ಲೇಖನ ಆ ಕಾಯಿಲೆಯ ಕುರಿತಾದುದಲ್ಲ. ಅದನ್ನು ಶಮನಗೊಳಿಸಲೆಂದು ನಾವು ಮಗುವಿನ ಬಾಯಿಗೆ ಹಾಕುವ ಮದ್ದು ಒಮ್ಮೊಮ್ಮೆ ಆ ಮಗುವಿನ ಸ್ವಭಾವವನ್ನೇ ಬದಲಿಸಿಬಿಟ್ಟಂತೆ ತೋರುವ ಸಂಗತಿಯ ಕುರಿತಾದುದು. ಎಸ್.ಎಸ್.ಎಲ್.ಸಿ.ಯ ತನಕ ಓದಿ, ಹೋಟೆಲಿನ ಗಲ್ಲಾದಲ್ಲಿ ಕುಳಿತು, ತರುವಾಯ ಪತ್ರಿಕೆಯ ಮೇಜಿಗೆ ಬಂದ ನಾನು ವೈದ್ಯನಲ್ಲ. ನನ್ನ ಮನೆಯಲ್ಲಿ ನಡೆದುದನ್ನೂ, ಅನಂತರ ಬಲ್ಲವರನ್ನು ಕೇಳಿ, ಓದಿ ತಿಳಿದುದನ್ನೂ ವಾಚಕರ ಮುಂದಿಡುತ್ತೇನೆ, ಅಷ್ಟೆ.

2022ರ ಮಳೆಗಾಲದಲ್ಲಿ ನಮ್ಮ ಕಿರಿಯ ಮಗನಿಗೆ ನಾಲ್ಕು ವರ್ಷ ತುಂಬಿತ್ತು. ಸೌಮ್ಯ ಸ್ವಭಾವದ ಹುಡುಗ. ಹೋಟೆಲಿನ ಕೆಲಸದವರ ಹೆಗಲಿನಿಂದ ಹೆಗಲಿಗೆ ದಾಟುತ್ತ ಬೆಳೆದವನು. ಆ ಸಲದ ಮಳೆಗೆ ಅವನ ದಮ್ಮು ಬಲವಾಯಿತು. ಡಾಕ್ಟರು ಬಾಯಿಯಿಂದ ಎಳೆದುಕೊಳ್ಳುವ ಇನ್ಹೇಲರಿನ ಮಾತೆತ್ತಿದರು. ಬೇಡವೆಂದವನು ನಾನೇ. "ಈಗಲೇ ಪಂಪಿನ ಅಭ್ಯಾಸ ಬಿದ್ದರೆ ಜನ್ಮವೆಲ್ಲ ಬಿಡಲಾರದು, ಹೊಟ್ಟೆಗೆ ಕೊಡುವ ಮದ್ದನ್ನೇ ಬರೆದುಕೊಡಿ" ಎಂದು ಪಟ್ಟು ಹಿಡಿದೆ. ಅವರು ರಾತ್ರಿ ಮಲಗುವ ಮುನ್ನ ಜಗಿದು ತಿನ್ನುವ ಒಂದು ಸಿಹಿ ಮಾತ್ರೆಯನ್ನು ಬರೆದುಕೊಟ್ಟರು. ಕೆಲವೇ ದಿನಗಳಲ್ಲಿ ದಮ್ಮು ಇಳಿಯಿತು, ನಾವು ನಿಶ್ಚಿಂತರಾದೆವು.

ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಮನೆಯ ನೆಮ್ಮದಿ ಹಾರಿಹೋಯಿತು. ಮಗು ನಡುರಾತ್ರಿ ಕಿಟಾರನೆ ಕಿರಿಚಿ ಏಳುವನು. ಕಣ್ಣು ತೆರೆದಿದ್ದರೂ ನಮ್ಮನ್ನು ಗುರುತಿಸನು. ಗೋಡೆಯ ಮೂಲೆಯನ್ನು ತೋರಿಸಿ ಗಡಗಡನೆ ನಡುಗುವನು. ಹಗಲಿನಲ್ಲಿ ಬಿಸ್ಕತ್ತು ಮುರಿದು ಕೈಗೆ ಕೊಟ್ಟರೆ, ಮುರಿದದ್ದೇಕೆಂದು ನೆಲಕ್ಕೆ ಹಣೆ ಚಚ್ಚಿಕೊಳ್ಳುವನು. ಶಿಶುವಿಹಾರದಲ್ಲಿ ಜೊತೆಯ ಹುಡುಗಿಯೊಬ್ಬಳ ಕೈ ಕಚ್ಚಿದನೆಂದು ದೂರು ಬಂತು. ನನ್ನ ತಾಯಿ, "ಯಾರದ್ದೋ ಕಣ್ಣು ತಾಗಿದೆ ಮಗಾ" ಎಂದು ಉಪ್ಪು ಮೆಣಸು ನಿವಾಳಿಸಿದರು. ಹೆಂಡತಿ, "ಇವನು ಹೀಗಿರಲಿಲ್ಲ ನೋಡಿ, ಏನೋ ಆಗಿದೆ" ಎಂದು ಮತ್ತೆ ಮತ್ತೆ ಹೇಳಿದಳು. ನಾನು ಅದನ್ನು ತಾಯಿಯ ಮುದ್ದೆಂದು ತಳ್ಳಿಹಾಕಿದೆ. ಒಂದು ಸಂಜೆ ಅವನು ಅಕ್ಕನತ್ತ ಸ್ಟೀಲಿನ ಲೋಟವನ್ನು ಎಸೆದಾಗ ಬೆನ್ನಿಗೆ ಎರಡು ಬಿಗಿದೆ. ಈ ಮಾತನ್ನು ಬರೆಯದೆ ಬಿಡಬಹುದಾಗಿತ್ತು. ಆದರೆ ಇದೇ ತಪ್ಪನ್ನು ಮಾಡುತ್ತಿರುವ ಇತರ ತಂದೆಯರೂ ಈ ಪುಟವನ್ನು ಓದುತ್ತಿರಬಹುದು.

ನಮ್ಮ ಹೋಟೆಲಿಗೆ ಬೆಳಗಿನ ಇಡ್ಲಿಗೆ ಬರುವವರಲ್ಲಿ ಮಂಗಳೂರಿನ ಕಡೆಯ ಒಬ್ಬ ನಿವೃತ್ತ ದಾದಿ ಇದ್ದರು. ನನ್ನ ಕಣ್ಣಿನ ನಿದ್ದೆಗೇಡನ್ನು ಕಂಡು ವಿಚಾರಿಸಿದರು. ಎಲ್ಲವನ್ನೂ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಮಾರಾಯರೇ, ಮಗುವಿಗೆ ಏನು ಮದ್ದು ಕೊಡುತ್ತಿದ್ದೀರಿ?"

ನಾವು ಯಾರೂ ಕೇಳಿಕೊಳ್ಳದಿದ್ದ ಪ್ರಶ್ನೆ ಅದು. ಎದೆಗೆಂದು ಕೊಟ್ಟ ಮದ್ದು ತಲೆಗೇಕೆ ಹೋಗಬೇಕು ಎಂಬುದು ನಮ್ಮಂತಹವರ ತರ್ಕ. ಆದರೆ ಉಬ್ಬಸದ ಔಷಧಿಗಳ ಚರಿತ್ರೆಯನ್ನು ತಿರುವಿಹಾಕಿದರೆ, ಎದೆಗೂ ತಲೆಗೂ ಇರುವ ಈ ನಂಟು ಬಹಳ ಹಳೆಯದೆಂದು ತಿಳಿದುಬರುತ್ತದೆ.

ಉಮ್ಮತ್ತದ ಗಿಡ ಕನ್ನಡಿಗರಿಗೆ ಹೊಸದಲ್ಲ. ಶಿವನಿಗೆ ಪ್ರಿಯವೆನಿಸಿದ ಹೂವು. ತಿಂದವನಿಗೆ ಹುಚ್ಚು ಹಿಡಿಸುವ ಕಾಯಿ. ಉನ್ಮತ್ತ ಎಂಬ ಸಂಸ್ಕೃತ ಶಬ್ದವೇ ನಮ್ಮ ಬಾಯಲ್ಲಿ ಉಮ್ಮತ್ತವಾಗಿದೆ. ಇದರ ಒಣಗಿದ ಭಾಗಗಳ ಹೊಗೆಯನ್ನು ಸೇದಿದರೆ ಉಬ್ಬಸ ಸಡಿಲುತ್ತದೆಂಬುದು ನಮ್ಮ ದೇಶದವರಿಗೆ ತಿಳಿದಿತ್ತು. ಮದರಾಸಿನಲ್ಲಿ ಕಂಪನಿ ಸರಕಾರದ ಹಿರಿಯ ವೈದ್ಯಾಧಿಕಾರಿಯಾಗಿದ್ದ ಡಾ. ಆಂಡರ್ಸನ್ ಅವರಿಂದ ಇದನ್ನು ಅರಿತ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಆ ಪದ್ಧತಿಯನ್ನು ಬ್ರಿಟನ್ನಿಗೆ ಒಯ್ದನು. ಇಪ್ಪತ್ತನೆಯ ಶತಮಾನದಲ್ಲಿಯೂ ಪಾಶ್ಚಾತ್ಯ ದೇಶಗಳ ಔಷಧಿ ಅಂಗಡಿಗಳಲ್ಲಿ ಉಮ್ಮತ್ತದ ಜಾತಿಯ ಎಲೆಗಳನ್ನು ತುಂಬಿದ 'ಆಸ್ತಮಾ ಸಿಗರೇಟು'ಗಳು ದೊರೆಯುತ್ತಿದ್ದವು. ಶ್ವಾಸನಾಳವನ್ನು ಸಡಿಲಗೊಳಿಸುವ ಸತ್ವವೇ, ಪ್ರಮಾಣ ಮೀರಿದಾಗ ಬುದ್ಧಿಯನ್ನೂ ಕದಡುತ್ತದೆ. ಮುಂದೆ ರಸಾಯನಶಾಸ್ತ್ರಜ್ಞರು ಆ ಸತ್ವವನ್ನು ತಿದ್ದಿ, ಮೆದುಳಿನ ಹೊಸ್ತಿಲನ್ನು ಸುಲಭವಾಗಿ ದಾಟಲಾರದಂತೆ ಮಾಡಿದರು. ಇಂದು ಆಸ್ಪತ್ರೆಗಳಲ್ಲಿ ಹಬೆಯಂತೆ ಕೊಡುವ ಇಪ್ರಾಟ್ರೋಪಿಯಂ ಅದೇ ಸಂತತಿಯದು.

ನಮ್ಮ ವೃತ್ತಿಯ ಪಾನೀಯಕ್ಕೂ ಈ ಚರಿತ್ರೆಯಲ್ಲಿ ಸ್ಥಾನವಿದೆ. ತಾವೇ ಉಬ್ಬಸದಿಂದ ನರಳುತ್ತಿದ್ದ ಲಂಡನ್ನಿನ ಡಾ. ಹೆನ್ರಿ ಹೈಡ್ ಸಾಲ್ಟರ್, 1860ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಗಟ್ಟಿಯಾದ ಕಪ್ಪು ಕಾಫಿಯನ್ನು ಈ ರೋಗಕ್ಕೆ ಉತ್ತಮ ಚಿಕಿತ್ಸೆಯೆಂದು ಹೊಗಳಿದ್ದಾರೆ. 1888ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೋಸೆಲ್ ಚಹಾದ ಎಲೆಯಿಂದ ಥಿಯೋಫಿಲಿನ್ ಎಂಬ ವಸ್ತುವನ್ನು ಬೇರ್ಪಡಿಸಿದನು. ಕಾಫಿಯ ಕೆಫೀನಿಗೆ ಹತ್ತಿರದ ದಾಯಾದಿಯಾದ ಇದು ಹಲವು ದಶಕಗಳ ಕಾಲ ಮಕ್ಕಳ ಉಬ್ಬಸಕ್ಕೆ ಮುಖ್ಯ ಔಷಧಿಯಾಗಿತ್ತು. ರಾತ್ರಿ ಎಂಟು ಗಂಟೆಗೆ ಎಳೆಯ ಮಗುವಿಗೆ ಒಂದು ಲೋಟ ಗಟ್ಟಿ ಡಿಕಾಕ್ಷನ್ ಕುಡಿಸಿದರೆ ಏನಾದೀತೆಂದು ಯಾವ ಹೋಟೆಲಿನವನನ್ನು ಕೇಳಿದರೂ ಹೇಳಿಯಾನು! ಥಿಯೋಫಿಲಿನ್ ಸೇವಿಸುವ ಮಕ್ಕಳು ಚಂಚಲರಾಗುತ್ತಾರೆ, ಪಾಠದಲ್ಲಿ ಹಿಂದೆ ಬೀಳುತ್ತಾರೆ ಎಂದು 1986ರಲ್ಲಿ ಅಮೇರಿಕದ ವೈದ್ಯರು ಪ್ರಕಟಿಸಿದರು. 1992ರಲ್ಲಿ ಅಲ್ಲಿಯೇ ನಡೆದ ಮತ್ತೊಂದು ಪರಿಶೀಲನೆ, ಅಂಥ ಮಕ್ಕಳು ಓದಿನಲ್ಲಿ ತಮ್ಮ ಒಡಹುಟ್ಟಿದವರಿಗಿಂತ ಕಡಿಮೆಯಿಲ್ಲವೆಂದಿತು. ಈ ವಾದ ತೀರುವ ಮೊದಲೇ ಹೊಸ ಔಷಧಿಗಳು ಬಂದು ಥಿಯೋಫಿಲಿನ್ ಹಿಂದೆ ಸರಿಯಿತು.

ಈಗ ನಮ್ಮ ಮನೆಗಳ ಕಪಾಟಿನಲ್ಲಿರುವ ಸೀಸೆಗಳ ವಿಚಾರಕ್ಕೆ ಬರೋಣ.

ಮೊದಲನೆಯದು ಸಾಲ್ಬುಟಮಾಲ್. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಕಂಡುಹಿಡಿದ, ಬಿಗಿದ ಶ್ವಾಸನಾಳವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುವ ಉಪಕಾರಿ ಮದ್ದು. ಇದರಿಂದ ಕೆಲವು ಮಕ್ಕಳಿಗೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಒಂದೆಡೆ ಕೂರಲಾರದ ಚಡಪಡಿಕೆ ಬರುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರು ಗಮನಿಸಬೇಕು. ಇನ್ಹೇಲರಿನ ಒಂದು ಒತ್ತಿಗೆ ಹೊರಬರುವ ಮದ್ದು 100 ಮೈಕ್ರೋಗ್ರಾಂ. ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ಸಿರಪ್ಪಿನ 5 ಮಿಲಿಲೀಟರಿನ ಒಂದು ಚಮಚೆಯಲ್ಲಿ ಇರುವುದು 2 ಮಿಲಿಗ್ರಾಂ, ಅಂದರೆ 2000 ಮೈಕ್ರೋಗ್ರಾಂ. ಇಪ್ಪತ್ತು ಒತ್ತುಗಳಷ್ಟು ಮದ್ದು ಒಂದು ಚಮಚೆಯಲ್ಲಿ! ಒಂದು ಎದೆಗೆ ನೇರವಾಗಿ ಹೋಗುತ್ತದೆ. ಇನ್ನೊಂದು ಹೊಟ್ಟೆಯಿಂದ ರಕ್ತಕ್ಕಿಳಿದು, ಮೈಯೆಲ್ಲ ಸುತ್ತಿ, ಕಡೆಗೆ ಎದೆಗೆ ಬರುತ್ತದೆ. 'ಸೌಮ್ಯವಾದ ಸಿರಪ್ಪು' ಮತ್ತು 'ಉಗ್ರವಾದ ಪಂಪು' ಎಂದು ನಾವು ಮಾಡಿಕೊಂಡಿರುವ ವಿಂಗಡಣೆ ಎಷ್ಟು ತಲೆಕೆಳಗಾದುದೆಂಬುದು ನನಗೆ ಅರಿವಾದದ್ದು ಈ ಲೆಕ್ಕವನ್ನು ಹಾಕಿದ ದಿನ.

ಎರಡನೆಯದು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್. ಉಬ್ಬಸ ಮಿತಿಮೀರಿದಾಗ ಮೂರರಿಂದ ಐದು ದಿನಗಳ ಮಟ್ಟಿಗೆ ಬಾಯಿಯ ಮೂಲಕ ಕೊಡುತ್ತಾರೆ. ಪ್ರಾಣಾಪಾಯವನ್ನು ತಪ್ಪಿಸುವ ಮದ್ದಾದುದರಿಂದ, ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಆ ದಿನಗಳಲ್ಲಿ ಮಗುವಿಗೆ ಹೊಟ್ಟೆಬಾಕತನ, ಕಾರಣವಿಲ್ಲದ ಅಳು, ಸಿಡುಕು, ನಿದ್ದೆಗೇಡು ಬರಬಹುದು. ದಿನಕ್ಕೆ ಕಿಲೋ ತೂಕಕ್ಕೆ 1 ಮಿಲಿಗ್ರಾಂ ಮತ್ತು 2 ಮಿಲಿಗ್ರಾಂ ಎಂಬ ಎರಡು ಪ್ರಮಾಣಗಳನ್ನು ಹೋಲಿಸಿದ ಅಮೇರಿಕದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಗುಣ ಎರಡರಲ್ಲಿಯೂ ಹೆಚ್ಚು ಕಡಿಮೆ ಒಂದೇ ಬಗೆ; ಆತಂಕ ಮತ್ತು ಆಕ್ರಮಣದ ನಡವಳಿಕೆ ಮಾತ್ರ ಹೆಚ್ಚಿನ ಪ್ರಮಾಣ ಸೇವಿಸಿದ ಮಕ್ಕಳಲ್ಲಿ ಅಧಿಕ. ಬೆಳಗಿನ ಹೊತ್ತು ಕೊಟ್ಟರೆ ನಿದ್ದೆಗೆ ಭಂಗ ಕಡಿಮೆ. ಸಾಮಾನ್ಯವಾಗಿ ಮದ್ದು ಮುಗಿದ ಕೆಲವು ದಿನಗಳಲ್ಲಿ ಮಗು ಮೊದಲಿನಂತಾಗುತ್ತದೆ. ಅಷ್ಟು ದಿನ ಹಿರಿಯರು ತಾಳಿಕೊಂಡರಾಯಿತು.

ಮೂರನೆಯದೇ ನಮ್ಮ ಮನೆಗೆ ಬಂದ ಆ ಸಿಹಿ ಮಾತ್ರೆ. ಹೆಸರು ಮಾಂಟೆಲುಕಾಸ್ಟ್. ಶ್ವಾಸನಾಳವನ್ನು ಬಿಗಿಸಿ ಊದಿಸುವ ಲ್ಯೂಕೋಟ್ರೈಯೀನ್ ಎಂಬ ದ್ರವ್ಯಗಳನ್ನು 1979ರಲ್ಲಿ ಗುರುತಿಸಿ ಹೆಸರಿಟ್ಟವರು ಸ್ವೀಡನ್ನಿನ ಬೆಂಗ್ಟ್ ಸಾಮ್ಯುಯೆಲ್ಸನ್. 1982ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು. ಆ ದ್ರವ್ಯಗಳ ಕೆಲಸವನ್ನು ತಡೆಯಲೆಂದು ಮರ್ಕ್ ಕಂಪನಿ ತಯಾರಿಸಿದ ಈ ಮದ್ದಿಗೆ ಅಮೇರಿಕದಲ್ಲಿ 1998ರ ಫೆಬ್ರವರಿಯಲ್ಲಿ ಒಪ್ಪಿಗೆ ದೊರೆಯಿತು. 2000ದಲ್ಲಿ 2ರಿಂದ 5 ವರ್ಷದ ಮಕ್ಕಳಿಗೂ ಅನುಮತಿ ಬಂತು. ಜಗಿದು ತಿನ್ನುವ ಮಾತ್ರೆ, ದಿನಕ್ಕೆ ಒಂದೇ ಸಲ, ಮಗು ಅಳುವುದಿಲ್ಲ, ಯಂತ್ರ ಬೇಡ, ಮುಖವಾಡ ಬೇಡ. ತಾಯಂದಿರಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಆದರೆ ಕೆಲವು ಮನೆಗಳಿಂದ ಬೇರೆಯೇ ಸುದ್ದಿ ಬರತೊಡಗಿತು. ಭಯಾನಕ ಸ್ವಪ್ನಗಳು, ನಿದ್ದೆಯಲ್ಲಿ ನಡೆಯುವುದು, ಇಲ್ಲದ್ದು ಕಾಣುವುದು, ಕೋಪ, ಹೊಡೆತ, ಕಳವಳ, ಖಿನ್ನತೆ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಬದುಕೇ ಬೇಡವೆಂಬ ಮಾತು ಕೂಡ. ಅಮೇರಿಕದ ಆಹಾರ ಮತ್ತು ಔಷಧ ಆಡಳಿತವು 2008ರಲ್ಲಿ ವಿಚಾರಣೆ ಆರಂಭಿಸಿ, 2009ರಲ್ಲಿ ಔಷಧಿಯ ವಿವರಪತ್ರದಲ್ಲಿ ಎಚ್ಚರಿಕೆಯನ್ನು ಸೇರಿಸಿತು. 2020ರ ಮಾರ್ಚ್ 4ರಂದು, ಆ ದೇಶದಲ್ಲಿ ಔಷಧಿಯ ಮೇಲೆ ಹಾಕಬಹುದಾದ ಅತ್ಯಂತ ಕಠಿಣ ಎಚ್ಚರಿಕೆಯಾದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನೇ ವಿಧಿಸಿತು. ಅಲರ್ಜಿಯ ನೆಗಡಿಗೆ ಬೇರೆ ಮದ್ದುಗಳು ನಾಟದಿದ್ದಾಗ ಅಥವಾ ಒಗ್ಗದಿದ್ದಾಗ ಮಾತ್ರ ಇದನ್ನು ಬಳಸತಕ್ಕದ್ದು ಎಂದೂ ಸೂಚಿಸಿತು. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ವೈದ್ಯರಿಗೆ ಜ್ಞಾಪಿಸಿ, 2024ರ ಏಪ್ರಿಲಿನಲ್ಲಿ ಎಚ್ಚರಿಕೆಯನ್ನು ಮತ್ತಷ್ಟು ಬಿಗಿಗೊಳಿಸಿತು.

ನೆಗಡಿಯ ಆ ಸೂಚನೆಯನ್ನು ನಮ್ಮವರು ಎರಡು ಸಲ ಓದಬೇಕು. ಲಿವೊಸೆಟ್ರಿಜಿನ್ ಎಂಬ ನೆಗಡಿಯ ಮದ್ದಿನೊಡನೆ ಮಾಂಟೆಲುಕಾಸ್ಟನ್ನು ಬೆರೆಸಿದ ಸಿರಪ್ಪುಗಳೂ ಮಕ್ಕಳ ಮಾತ್ರೆಗಳೂ ನಮ್ಮ ದೇಶದಲ್ಲಿ ಹಲವು ಕಂಪನಿಗಳಿಂದ ಹಲವು ಹೆಸರುಗಳಲ್ಲಿ ಬರುತ್ತವೆ. ಮೂಗು ಸೋರಿದರೆ ಅದು, ಕೆಮ್ಮಿದರೆ ಅದು, ಹಿಂದಿನ ವರ್ಷದ ಚೀಟಿಯನ್ನು ತೋರಿಸಿದರೂ ಅದೇ. ಚೀಟಿಯೇ ಇಲ್ಲದೆ ಅಂಗಡಿಯ ಕಟ್ಟೆಯ ಮೇಲೆ ಕೈಗೆ ಬರುವುದೂ ಉಂಟು. ಮಗುವಿಗೆ ಉಬ್ಬಸದ ಮದ್ದೇ ಕೊಡುತ್ತಿಲ್ಲವೆಂದು ನಂಬಿರುವ ತಾಯಿಯ ಮನೆಯಲ್ಲಿಯೂ ಇದು ಇರಬಹುದು. ಸೀಸೆಯ ಮೇಲಿನ ದೊಡ್ಡ ಹೆಸರನ್ನು ಬಿಟ್ಟು ಕೆಳಗಿನ ಸಣ್ಣ ಅಕ್ಷರವನ್ನು ಓದಿದರೆ ತಿಳಿಯುತ್ತದೆ.

ಹಾಗೆಂದು ಇದು ವಿಷವೆಂದು ಸಾರಿಬಿಡುವುದು ನ್ಯಾಯವಲ್ಲ. ಇದನ್ನು ನುಂಗಿ ಏನೊಂದೂ ಆಗದೆ ಸುಖವಾಗಿರುವ ಮಕ್ಕಳೇ ಹೆಚ್ಚು. ವಿದ್ವಾಂಸರಲ್ಲಿಯೂ ಏಕಾಭಿಪ್ರಾಯವಿಲ್ಲ. ಕೆನಡದ ಒಂಟಾರಿಯೊ ಪ್ರಾಂತದ ಮಕ್ಕಳ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಮನೋವಿಕಾರ ಕಾಣಿಸಿಕೊಂಡ ಮಕ್ಕಳು ಈ ಮದ್ದನ್ನು ಸೇವಿಸಿದ್ದ ಸಂಭವ ಉಳಿದವರಿಗಿಂತ ಸುಮಾರು ಇಮ್ಮಡಿಯೆಂದು ಕಂಡುಬಂತು. ಅತ್ತ ಅಮೇರಿಕದ ಆಡಳಿತವೇ ನಡೆಸಿದ ಪರಿಶೀಲನೆಯಲ್ಲಿ, ಖಿನ್ನತೆ ಅಥವಾ ಆತ್ಮಘಾತದ ಯತ್ನದಿಂದ ಆಸ್ಪತ್ರೆ ಸೇರಿದವರ ಪ್ರಮಾಣ ಇನ್ಹೇಲರ್ ಬಳಸುವವರಿಗಿಂತ ಹೆಚ್ಚಿರಲಿಲ್ಲ. ಆದರೆ ಕಿರಿಚಿ ಎದ್ದ ಮಗುವನ್ನು, ಗೆಳತಿಯ ಕೈ ಕಚ್ಚಿದ ಮಗುವನ್ನು ಯಾರು ಆಸ್ಪತ್ರೆಗೆ ಸೇರಿಸುತ್ತಾರೆ? ಅದು ಯಾವ ಲೆಕ್ಕದ ಪುಸ್ತಕಕ್ಕೂ ಬರುವುದಿಲ್ಲ. ಮನೆಯಲ್ಲಿಯೇ ಹುಟ್ಟಿ, ಏಟು ತಿಂದು, ಮನೆಯಲ್ಲಿಯೇ ಮುಗಿಯುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. ಉಸಿರಿಲ್ಲದೆ ರಾತ್ರಿಯಿಡೀ ನಿದ್ದೆಗೆಟ್ಟ ಮಗು ಹಗಲು ಸಿಡುಕುವುದು ಸಹಜ. ಅದಕ್ಕೆ ಮದ್ದು ಕಾರಣವಲ್ಲ, ರೋಗವೇ ಕಾರಣ. ಅಲ್ಲಿ ಮದ್ದನ್ನು ನಿಲ್ಲಿಸಿದರೆ ಸಿಡುಕೂ ಹೆಚ್ಚೀತು, ರೋಗವೂ ಹೆಚ್ಚೀತು. ಇವೆರಡನ್ನು ಬೇರ್ಪಡಿಸಿ ನೋಡಲು ದೊಡ್ಡ ವಿದ್ಯೆ ಬೇಡ. ತಾರೀಖು ಬರೆದಿಡುವ ಅಭ್ಯಾಸವಿದ್ದರೆ ಸಾಕು. ಮದ್ದು ಎಂದು ಆರಂಭವಾಯಿತು, ಪ್ರಮಾಣ ಎಂದು ಏರಿತು, ಮಗು ಎಂದು ಬದಲಾಯಿತು? ನಾನು ದಿನದ ಹಾಲಿನ ಲೆಕ್ಕವನ್ನು ಪೈಸೆ ಬಿಡದೆ ಬರೆಯುವವನು. ಮಗನ ಮಾತ್ರೆಯ ತಾರೀಖನ್ನು ಬರೆದಿರಲಿಲ್ಲ. ಔಷಧಿ ಅಂಗಡಿಯ ರಶೀದಿ ನನ್ನ ಹೆಂಡತಿಯ ಡಬ್ಬಿಯಲ್ಲಿ ಸಿಕ್ಕಿದ್ದರಿಂದ ತಿಳಿಯಿತು: ಮೊದಲ ಕಿರಿಚಾಟಕ್ಕೂ ಮಾತ್ರೆ ತಂದ ದಿನಕ್ಕೂ ನಡುವೆ ಇದ್ದುದು ಹನ್ನೊಂದು ದಿನ.

ರಶೀದಿಯನ್ನು ಹಿಡಿದು ಡಾಕ್ಟರ ಬಳಿಗೆ ಹೋದೆವು. ಅವರು ಸಿಡುಕಲಿಲ್ಲ. ಕೇಳಿ, ಒಂದು ಗಳಿಗೆ ಸುಮ್ಮನಿದ್ದು, "ಇದನ್ನು ನಾನು ಮೊದಲೇ ಹೇಳಬೇಕಾಗಿತ್ತು" ಎಂದರು. ಹಾಗೆ ಹೇಳಿದ ವೈದ್ಯರ ಬಗೆಗೆ ನನ್ನ ಗೌರವ ಹೆಚ್ಚಿತೇ ಹೊರತು ಕುಂದಲಿಲ್ಲ. ಅಂದೇ ಮಾತ್ರೆ ನಿಂತಿತು. ಅದರ ಸ್ಥಾನಕ್ಕೆ, ನಾನು ಬೇಡವೆಂದಿದ್ದ ಇನ್ಹೇಲರ್ ಬಂತು. ಅದಕ್ಕೆ ಜೋಡಿಸುವ ಪ್ಲಾಸ್ಟಿಕ್ಕಿನ ಕೊಳವೆ, ಮೂಗುಬಾಯಿಗೆ ಹಿಡಿಯುವ ಮುಖವಾಡ ಬಂದವು. ನಾಲ್ಕನೆಯ ರಾತ್ರಿ ಮಗು ಬೆಳಗಿನ ತನಕ ಮಲಗಿದನು. ಎಲ್ಲ ಮಕ್ಕಳಲ್ಲಿಯೂ ಇಷ್ಟು ಬೇಗ ಸರಿಹೋಗುತ್ತದೆಂದು ಹೇಳುವಂತಿಲ್ಲ. ಮದ್ದು ನಿಂತ ಮೇಲೆಯೂ ಕೆಲವರಲ್ಲಿ ತೊಂದರೆ ಮುಂದುವರಿದುದುಂಟು.

ನಮ್ಮ ಸಮಾಜದಲ್ಲಿ ಇನ್ಹೇಲರಿನ ಮೇಲಿರುವ ಅಂಜಿಕೆಯೇ ಈ ಕತೆಯ ಬೇರೆಂದು ನನಗೆ ಈಗ ತೋರುತ್ತದೆ. ಹೆಣ್ಣು ಮಗುವಾದರೆ ಮದುವೆಯ ಚಿಂತೆ. ನೆಂಟರು ಬಂದರೆ ಪಂಪನ್ನು ದಿಂಬಿನ ಕೆಳಗೆ ಅಡಗಿಸುವುದು. ಮೃಗಶಿರಾ ಮಳೆಗೆ ಹೈದರಾಬಾದಿಗೆ ಹೋಗಿ ಮೀನಿನ ಪ್ರಸಾದ ನುಂಗಿಸಿ ಬಂದ ಮರುದಿನವೇ ಅದನ್ನು ಎಸೆದುಬಿಡುವುದು. ದಿನವೂ ಇನ್ಹೇಲರಿನಿಂದ ಕೊಡುವ ಸ್ಟಿರಾಯ್ಡ್ ಎಳೆಯ ಮಕ್ಕಳಿಗೆ ಸಾಮಾನ್ಯವಾಗಿ ನೂರಿನ್ನೂರು ಮೈಕ್ರೋಗ್ರಾಂ. ಹದಿನೈದು ಕಿಲೋ ತೂಕದ ಮಗುವಿಗೆ ಬಾಯಿಯ ಮೂಲಕ ದಿನಕ್ಕೆ ಕೊಡುವ ಪ್ರೆಡ್ನಿಸೊಲೋನ್ ಹದಿನೈದು ಸಾವಿರ ಮೈಕ್ರೋಗ್ರಾಂ, ಹಲವೊಮ್ಮೆ ಅದಕ್ಕೂ ಹೆಚ್ಚು. ಎರಡೂ ಮದ್ದುಗಳ ಬಲ ಒಂದೇ ಅಲ್ಲವಾದರೂ ಅಂತರ ಎಷ್ಟೆಂಬುದು ಕಣ್ಣಿಗೆ ಕಾಣುತ್ತದೆ. ಇನ್ಹೇಲರಿನ ಸ್ಟಿರಾಯ್ಡಿನಿಂದಲೂ ಅಪರೂಪಕ್ಕೆ ಮಕ್ಕಳ ನಡತೆ ಬದಲಾಗುವುದುಂಟು. ಅದನ್ನೂ ವೈದ್ಯರಿಗೆ ತಿಳಿಸಬೇಕು. ಆದರೆ ಉಬ್ಬಸವನ್ನು ಹತೋಟಿಯಲ್ಲಿಡುವ ಮುಖ್ಯ ಆಧಾರ ಅದೇ. ಈ ಲೇಖನವನ್ನು ಓದಿ ಯಾರಾದರೂ ಮಗುವಿನ ಇನ್ಹೇಲರನ್ನು ಮೂಲೆಗೆ ಹಾಕಿದರೆ ನಾನು ಬರೆದದ್ದು ಅಪಕಾರವಾದೀತು.

ಮಾಂಟೆಲುಕಾಸ್ಟ್ ಸೇವಿಸುವ ಮಗುವಿನ ಮನಸ್ಸಿನಲ್ಲಿ ಬದಲಾವಣೆ ಕಂಡರೆ ಅದನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕೆಂಬುದು ಬ್ರಿಟನ್ ಮತ್ತು ಅಮೇರಿಕದ ಅಧಿಕಾರಿಗಳ ಸಲಹೆ. ನಿಲ್ಲಿಸಿ ಸುಮ್ಮನಿರಲಾಗದು, ಉಬ್ಬಸಕ್ಕೆ ಬೇರೆ ಏರ್ಪಾಡು ಆಗಲೇಬೇಕು. ಬಹುಕಾಲ ಬಾಯಿಯ ಮೂಲಕ ಸೇವಿಸಿದ ಸ್ಟಿರಾಯ್ಡನ್ನಂತೂ ವೈದ್ಯರ ಅಪ್ಪಣೆಯಿಲ್ಲದೆ ಥಟ್ಟನೆ ನಿಲ್ಲಿಸಕೂಡದು. ಶಿಶುವಿಹಾರದ ಅಧ್ಯಾಪಿಕೆಗೂ ಮದ್ದಿನ ವಿಷಯ ತಿಳಿಸಿರುವುದು ಒಳ್ಳೆಯದು. ಮನೆಯಲ್ಲಿ ನಾವು ಮುದ್ದಿನಿಂದಲೋ ಕೋಪದಿಂದಲೋ ಕಾಣಲಾರದ್ದನ್ನು ಅವರು ಕಾಣುತ್ತಾರೆ.

ಔಷಧಿಗಳ ದುಷ್ಪರಿಣಾಮವನ್ನು ದಾಖಲಿಸಲು ನಮ್ಮ ದೇಶದಲ್ಲಿಯೂ ವ್ಯವಸ್ಥೆಯಿದೆಯೆಂಬುದು ನನ್ನಂತೆಯೇ ಅನೇಕರಿಗೆ ತಿಳಿದಿರಲಾರದು. 2010ರಲ್ಲಿ ಆರಂಭವಾದ ಈ ಕಾರ್ಯಕ್ರಮವನ್ನು ಗಾಜಿಯಾಬಾದಿನ ಭಾರತೀಯ ಔಷಧಸಂಹಿತೆ ಆಯೋಗವು ನಡೆಸುತ್ತದೆ. ವೈದ್ಯರಷ್ಟೇ ಅಲ್ಲ, ರೋಗಿಗಳೂ ಅವರ ಮನೆಯವರೂ ನೇರವಾಗಿ ತಿಳಿಸಬಹುದು. ಶುಲ್ಕವಿಲ್ಲದ ದೂರವಾಣಿ ಸಂಖ್ಯೆ 1800-180-3024. ನಾನೂ ಆ ನಮೂನೆಯನ್ನು ತುಂಬಿದೆ. ಮದ್ದಿನ ಹೆಸರು, ಆರಂಭಿಸಿದ ತಾರೀಖು, ನಿಲ್ಲಿಸಿದ ತಾರೀಖು, ಏನಾಯಿತೆಂಬ ವಿವರ. ಅರ್ಧ ಗಂಟೆಯ ಕೆಲಸ.

ಮಗ ಈಗ ಶಾಲೆಗೆ ಹೋಗುತ್ತಾನೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ತಾನೇ ಕೊಳವೆಯನ್ನು ಬಾಯಿಗೆ ಹಿಡಿದು ಉಸಿರು ಎಣಿಸುತ್ತಾನೆ. ಆಮೇಲೆ ಬಾಯಿ ಮುಕ್ಕಳಿಸುತ್ತಾನೆ. ಆ ಮಳೆಗಾಲದ ರಾತ್ರಿಗಳು ಅವನಿಗೆ ನೆನಪಿಲ್ಲ. ಬೆನ್ನಿಗೆ ಬಿದ್ದ ಏಟೂ ನೆನಪಿಲ್ಲವೆನ್ನುತ್ತಾನೆ. ಅವನ ಅಕ್ಕನಿಗೆ ನೆನಪಿದೆ. ತಗ್ಗು ಬಿದ್ದ ಆ ಲೋಟ ಇನ್ನೂ ನಮ್ಮ ಅಡಿಗೆಮನೆಯಲ್ಲಿದೆ, ಮತ್ತು ಅದರಲ್ಲಿ ನನಗೆ ಕಾಫಿ ಕೊಡುವುದನ್ನು ಅವಳು ಬಿಟ್ಟಿಲ್ಲ.